ಮಾವ ಕಡಲಿಗಿಳಿದ ವರ್ಷ

ಯಾರೂ ಯಾರಿಗೂ ಸುಮ್ಮನೆ ಒಳ್ಳೆಯದು ಮಾಡುವುದಿಲ್ಲ ಎಂಬ ಪಾಠವನ್ನು ನಾನು ಗಂಜಿಯ ಜೊತೆಗೇ ಉಂಡು ಬೆಳೆದವಳು. ಪಾಠ ಹೇಳುತ್ತಿದ್ದವರು ಅಮ್ಮನ ಅಣ್ಣ, ನನ್ನ ಭಾಸ್ಕರ ಮಾವ. ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ಕಾಪುವಿನಲ್ಲಿ ಹೆದ್ದಾರಿಗೂ ಕಡಲಿಗೂ ನಡುವೆ ಇದ್ದ ಹಂಚಿನ ಮನೆ ನಮ್ಮದು. ಅಜ್ಜಿ, ಅಮ್ಮ, ಮಾವ, ನಾನು, ನನ್ನ ತಮ್ಮ, ಇಷ್ಟು ಜನ. ಅಪ್ಪ ಮುಂಬೈಯ ಹೋಟೆಲೊಂದರಲ್ಲಿದ್ದರು. ಬೇಸಿಗೆಯಲ್ಲಿ ಬಂದು, ನಮಗೆ ಅವರ ಅಭ್ಯಾಸವಾಗುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಹಾಗಾಗಿ ಮನೆಯ ಗಂಡಸು ಎಂದರೆ ಮಾವ. ಮನೆಯ ಮುಂಭಾಗದ ಚಾವಡಿಯ ಪಕ್ಕದ ಕೋಣೆ ಅವರದ್ದು. ಅಲ್ಲಿ ಕಿಟಕಿಯ ಮೇಲೆ ಗಾಜಿನ ಭರಣಿಯೊಂದರಲ್ಲಿ ಕಡಲ ಹಾವು ಸುರುಳಿ ಸುತ್ತಿಕೊಂಡು ತೇಲುತ್ತಿತ್ತು. ಅಜ್ಜಿ ಆ ಕೋಣೆಯನ್ನು ಗುಡಿಸುವಾಗ ಭರಣಿಯ ಕಡೆಗೆ ಬೆನ್ನು ಹಾಕಿಯೇ ಗುಡಿಸುತ್ತಿದ್ದಳು.

ರಾತ್ರಿಯ ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಸಾಲಾಗಿ ಕುಳಿತುಕೊಳ್ಳುತ್ತಿದ್ದೆವು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಸಾರು, ಮೀನಿಲ್ಲದ ದಿನ ಒಣಮೆಣಸಿನ ಚಟ್ನಿ. ದಿನದ ಸುದ್ದಿ ಅಲ್ಲಿಗೆ ಬರುತ್ತಿತ್ತು, ಬಂದದ್ದನ್ನು ಮಾವ ಮೀನಿನ ಹಾಗೆ ಸೀಳಿ ಮುಳ್ಳು ತೆಗೆದು ತೋರಿಸುತ್ತಿದ್ದರು. ಪಕ್ಕದ ಮನೆಯವರು ಹಲಸಿನ ಹಣ್ಣು ಕಳಿಸಿದರೆ, ಅವರ ದನದ ಹಟ್ಟಿಗೆ ದಾರಿ ನಮ್ಮ ಜಾಗದಲ್ಲಿ ಉಂಟು ಎಂದು ನೆನಪಿಸುತ್ತಿದ್ದರು. ಯಾರೋ ದೇವಸ್ಥಾನಕ್ಕೆ ಗಂಟೆ ಕೊಟ್ಟರೆ, ಗಂಟೆಯ ಮೇಲೆ ಹೆಸರು ಕೆತ್ತಿಸಿದ್ದಾರಾ ಎಂದು ಕೇಳುತ್ತಿದ್ದರು. ಪ್ರತಿಯೊಂದಕ್ಕೂ ಅವರದ್ದು ಒಂದೇ ಪ್ರಶ್ನೆ, ಅವನಿಗೆ ಎಂತ ಲಾಭ. ನಮ್ಮ ಮನೆಮಾತು ತುಳು. ಆದರೆ ಈ ಪ್ರಶ್ನೆಯನ್ನು ಮಾತ್ರ ಮಾವ ಕಾಲೇಜಿನ ಕನ್ನಡದಲ್ಲಿ, ಹಲಗೆಯ ಮುಂದೆ ನಿಂತವರ ಹಾಗೆ ಕೇಳುತ್ತಿದ್ದರು. ಅಜ್ಜಿಗೆ ಅದು ಆಗುತ್ತಿರಲಿಲ್ಲ. ಬೆಳಿಗ್ಗೆ ಕಾಗೆಗೆ ಅನ್ನ ಇಡದೆ ತಾನು ಬಾಯಿಗೆ ನೀರು ಹಾಕದವಳು ಅವಳು. ಒಳ್ಳೆಯದು ಕೆಟ್ಟದ್ದು ಎಂಬ ತಿಳಿವಳಿಕೆಯನ್ನು ದೈವಗಳು ಕೊಟ್ಟದ್ದು, ಹಿರಿಯರು ಉಳಿಸಿದ್ದು ಎನ್ನುತ್ತಿದ್ದಳು. ಒಂದು ದಿನ ಮಾವ ಅವಳಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ದೈವ ಬರುವ ಮೊದಲೇ ಇರುವೆಗೆ ಗೊತ್ತಿತ್ತು ಅಮ್ಮ. ಗುಂಪಿನಲ್ಲಿದ್ದರೆ ಬದುಕುತ್ತದೆ, ಒಂಟಿಯಾದರೆ ಸಾಯುತ್ತದೆ. ಬದುಕುವ ಆಸೆಗೆ ನಾವು ಧರ್ಮ ಅಂತ ಹೆಸರಿಟ್ಟಿದ್ದೇವೆ, ಅಷ್ಟೆ.”

“ಹಾಗಾದರೆ ನೀನು ನಿನ್ನ ತಂಗಿಯ ಮಕ್ಕಳನ್ನು ಸಾಕುವುದು?” ಎಂದಳು ಅಜ್ಜಿ.

“ಅದೂ ಅದೇ. ನಮ್ಮಲ್ಲಿ ಆಸ್ತಿ ತಂಗಿಯ ಮಕ್ಕಳಿಗೆ ಹೋಗುವ ಅಳಿಯಕಟ್ಟು ಸುಮ್ಮನೆ ಬಂದದ್ದಲ್ಲ. ಹೆಂಡತಿಯ ಮಕ್ಕಳು ನನ್ನವರು ಅನ್ನುವುದು ನಂಬಿಕೆ. ತಂಗಿಯ ಮಕ್ಕಳಲ್ಲಿ ನನ್ನ ರಕ್ತ ಖಂಡಿತ.”

ಅಜ್ಜಿ ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದುಹೋದಳು. ಅಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನ್ನ ತಟ್ಟೆಯಲ್ಲಿ ಮಾವ ಮುಳ್ಳು ಬಿಡಿಸಿ ಇಟ್ಟಿದ್ದ ಮೀನಿನ ತುಂಡು ಇತ್ತು. ಅದನ್ನು ನನಗೆ ಕೊಟ್ಟರಾ, ನನ್ನೊಳಗಿನ ತಮ್ಮ ರಕ್ತಕ್ಕೆ ಕೊಟ್ಟುಕೊಂಡರಾ ಎಂಬ ಸಂಶಯ ಆ ದಿನ ಹುಟ್ಟಿದ್ದು, ಆಮೇಲೆ ನನ್ನನ್ನು ಬಿಡಲಿಲ್ಲ. ನಾನು ಎಲ್ಲರ ಮೇಲೂ ಕಣ್ಣಿಡಲು ಶುರುಮಾಡಿದೆ. ಅಮ್ಮ ತಮ್ಮನಿಗೆ ಯಾಕೆ ಮೊದಲು ಬಡಿಸುತ್ತಾರೆ, ಟೀಚರು ಯಾಕೆ ನನ್ನ ಜಡೆ ಚೆಂದ ಎಂದರು, ಅಪ್ಪನ ಅಕ್ಕ ಎಲ್ಲೂರಿನ ಅತ್ತೆ ಬಂದಾಗಲೆಲ್ಲ ಯಾಕೆ ನನ್ನ ಕೆನ್ನೆ ಸವರುತ್ತಾರೆ, ಎಲ್ಲಕ್ಕೂ ಒಳಗೊಂದು ಕಾರಣ ಹುಡುಕುತ್ತಿದ್ದೆ. ಹುಡುಕಿದರೆ ಕಾರಣ ಸಿಗುತ್ತಲೂ ಇತ್ತು. ಅದೇ ಇದರ ಕಷ್ಟ. ಮಾವ ಬೇರೆ ಸಾಕ್ಷಿ ಒದಗಿಸುತ್ತಿದ್ದರು. ಒಮ್ಮೆ ಕಾವಿಗೆ ಕೂತ ನಮ್ಮ ಹೇಂಟೆಯ ಅಡಿಯಲ್ಲಿ ಎಲ್ಲಿಂದಲೋ ತಂದ ಬಾತುಕೋಳಿಯ ಮೊಟ್ಟೆಗಳನ್ನಿಟ್ಟರು. ಮರಿಗಳು ಹೊರಬಂದು, ಕೆಲವೇ ದಿನಗಳಲ್ಲಿ ಹಿತ್ತಲಿನ ಕೆರೆಗೆ ಇಳಿದವು. ಹೇಂಟೆ ದಡದ ಉದ್ದಕ್ಕೂ ಕೂಗುತ್ತ ಓಡಿತು. ನೋಡು ಶಾಲಿನಿ, ಇದು ಪ್ರೀತಿ ಅಂತ ಜನ ಹಾಡು ಕಟ್ಟುತ್ತಾರೆ, ಮೊಟ್ಟೆ ಬದಲಿಸಿದ್ದು ಕೂಡ ಇದಕ್ಕೆ ಗೊತ್ತಿಲ್ಲ ಎಂದರು ಮಾವ. ಅಜ್ಜಿ ಮಾತ್ರ, ಬಾಯಿ ಬಾರದ ಪ್ರಾಣಿಗೆ ಮೋಸ ಮಾಡಿದವನು ನೀನು, ತಿಳಿವಳಿಕೆ ಯಾರಿಗೆ ಕಡಿಮೆ ಎಂದು ಕೇಳಿ, ಹೇಂಟೆಯನ್ನು ಎತ್ತಿ ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಆ ವರ್ಷ ನವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಮಾವ ನನ್ನನ್ನು ಕರೆದುಕೊಂಡು ದೀಪಸ್ತಂಭದ ಕಡೆಗೆ ಹೋದರು. ಮಳೆ ನಿಂತಿದ್ದರೂ ಕಡಲು ಇನ್ನೂ ಪಳಗಿರಲಿಲ್ಲ. ಬಂಡೆಗಳ ಬುಡದಲ್ಲಿ ನೀರು ಒಳಗೆ ಎಳೆಯುತ್ತಿತ್ತು. ಸ್ವಲ್ಪ ದೂರದಲ್ಲಿ ಮೊಗವೀರರು ಕೈರಂಪಣಿ ಬಲೆಯ ಹಗ್ಗ ಹಿಡಿದು ಸಾಲಾಗಿ ನಿಂತು ಎಳೆಯುತ್ತಿದ್ದರು. ಕಾರ್ಕಳದ ಕಡೆಯಿಂದ ಟೆಂಪೊದಲ್ಲಿ ಬಂದಿದ್ದ ಗಂಡಸರ ಗುಂಪೊಂದು ಕುಡಿದು ನೀರಿಗಿಳಿದು ಗಲಾಟೆ ಮಾಡುತ್ತಿತ್ತು. ಮಾವ ನನ್ನ ಕೈ ಹಿಡಿದುಕೊಂಡು ಅವರನ್ನೇ ನೋಡುತ್ತ, ಇಂಥ ಮಂಗಗಳನ್ನು ಸಮುದ್ರ ಒಯ್ದರೆ ಮನುಷ್ಯ ಜಾತಿ ಸುಧಾರಿಸುತ್ತದೆ ಎಂದು ನಗುತ್ತಿದ್ದರು. ಆ ನಗು ಮುಗಿಯುವ ಮೊದಲೇ ಗುಂಪಿನ ಒಬ್ಬ ಕಾಣೆಯಾದ. ಮತ್ತೆ ಕಂಡಾಗ ಅವನ ತಲೆ ಬಂಡೆಯಿಂದ ಆಚೆ ಇತ್ತು, ಕೈ ಒಮ್ಮೆ ಮೇಲೆ ಬಂದು ಮುಳುಗಿತು. ಅವನ ಗೆಳೆಯರು ದಡದಲ್ಲಿ ನಿಂತು ಅವನ ಹೆಸರು ಕೂಗುತ್ತಿದ್ದರು. ಮಾವ ನನ್ನ ಕೈ ಬಿಟ್ಟರು. ಓಡಿದರು. ಕನ್ನಡಕ ತೆಗೆಯಲಿಲ್ಲ, ಅಂಗಿ ತೆಗೆಯಲಿಲ್ಲ, ಚಪ್ಪಲಿ ಒಂದು ಕಡೆ ಹಾರಿತು. ಅವರಿಗೆ ಬರುತ್ತಿದ್ದುದು ಕೆರೆಯ ಈಜು. ಕಡಲಿನಲ್ಲಿ ಸೊಂಟದ ಮೇಲೆ ನೀರು ಬರಲು ಬಿಟ್ಟವರೇ ಅಲ್ಲ.

ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಮಾವ ಅವನ ಕೂದಲು ಹಿಡಿದಿದ್ದರು, ಅವನು ಮಾವನ ಕುತ್ತಿಗೆ ಹಿಡಿದಿದ್ದ, ಇಬ್ಬರೂ ಮುಳುಗಿ ಏಳುತ್ತಿದ್ದರು. ಬಲೆಯ ಮೊಗವೀರರು ಹಗ್ಗದ ತುದಿ ಕಟ್ಟಿಕೊಂಡು ನೀರಿಗೆ ಬಿದ್ದು ಇಬ್ಬರನ್ನೂ ಒಟ್ಟಿಗೆ ಎಳೆದು ತಂದರು. ಮಾವ ಮರಳಿನ ಮೇಲೆ ಮಂಡಿಯೂರಿ ಉಪ್ಪುನೀರು ಕಾರಿದರು. ಕನ್ನಡಕ ಇರಲಿಲ್ಲ. ಮುಖ ಎತ್ತಿದಾಗ ಅವರಿಗೆ ನಾನು ಯಾರೆಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಮನೆಯಲ್ಲಿ ಅಜ್ಜಿ ಬಚ್ಚಲಿನ ಹಂಡೆಯಿಂದ ಬಿಸಿನೀರು ತೋಡಿ ತೋಡಿ ಮಗನ ತಲೆಗೆ ಹೊಯ್ಯುತ್ತ ಬೈದಳು. ಕಾಗೆಗೂ ಪಾಲಿಡುವ ಅಜ್ಜಿ, ದಾರಿಯಲ್ಲಿ ಹೋಗುವ ಜೋಗಿಯನ್ನು ಉಣ್ಣಿಸದೆ ಕಳಿಸದ ಅಜ್ಜಿ, ಆ ದಿನ ಆಡಿದ ಮಾತು ಕೇಳಿ ನಾನು ಬಾಗಿಲ ಹಿಂದೆ ಬೆರಗಾಗಿ ನಿಂತಿದ್ದೆ. ಯಾರಿಗೋ ಹುಟ್ಟಿದ ಕುಡುಕನಿಗಾಗಿ ನೀನು ಸತ್ತರೆ ಈ ಮಕ್ಕಳಿಗೆ ಯಾರು, ಒಡಹುಟ್ಟಿದವಳಿಗೆ ಯಾರು, ಹೆತ್ತವಳ ಬಾಯಿಗೆ ನೀರು ಬಿಡುವವರು ಯಾರು ಎಂದು ಕೇಳಿದಳು. ಇಷ್ಟು ವರ್ಷ ಮಾವ ಹೇಳುತ್ತಿದ್ದುದನ್ನೇ ಅವಳು ಹೇಳುತ್ತಿದ್ದಳು.

ಊರಿಗೂ ಸಂಶಯ. ಮಾಸ್ಟ್ರಿಗೆ ಪೇಪರಿನಲ್ಲಿ ಹೆಸರು ಬರಬೇಕಿತ್ತು ಎಂದರು ಕೆಲವರು. ಸಂಘವೊಂದರವರು ಶಾಲು ಹೊದಿಸುತ್ತೇವೆ ಎಂದು ಬಂದಾಗ ಮಾವ ಬೇಡ ಎಂದು ಕಳಿಸಿದರು. ಆಗ ಊರವರು, ಬೇಡ ಅನ್ನುವುದು ಇನ್ನೂ ದೊಡ್ಡ ಹೆಸರಿಗೆ ಎಂದರು. ಅಮ್ಮನ ಸಂಶಯ ಬೇರೆ ಜಾತಿಯದು. ಬಾವಿಕಟ್ಟೆಯ ಬಳಿ ನನ್ನನ್ನು ನಿಲ್ಲಿಸಿ, ಮಾವ ನೀರಿಗೆ ಹೋಗುವ ಮೊದಲು ಎಂತಾದರೂ ಹೇಳಿದರಾ, ದಾರಿಯಲ್ಲಿ ಬೇಸರದಲ್ಲಿದ್ದರಾ ಎಂದು ಕೆದಕಿ ಕೆದಕಿ ಕೇಳಿದರು. ಅಂದಿನಿಂದ ನನ್ನ ಪಾಠ ಓದುವ ಜಾಗ ಮಾವನ ಕೋಣೆಗೆ ಬದಲಾಯಿತು. ಅಲ್ಲಿ ಬೆಳಕು ಚೆನ್ನಾಗಿ ಉಂಟು ಎಂದು ಅಮ್ಮ ಕಾರಣ ಹೇಳಿದರು. ಅವರು ನನ್ನನ್ನು ಕಾವಲಿಗೆ ಕೂರಿಸಿದ್ದರು ಎಂಬುದು ನನಗೆ ಹೊಳೆದದ್ದು ನಾನೇ ಮಕ್ಕಳ ತಾಯಿಯಾದ ಮೇಲೆ. ಮದುವೆಯಿಲ್ಲದ ಅಣ್ಣ ಸಾಯುವುದಕ್ಕೇ ಹೋಗಿದ್ದನೋ ಏನೋ ಎಂದು ಅವರು ಹೆದರಿದ್ದರು.

ಆದರೆ ಎಲ್ಲರಿಗಿಂತ ಹೆಚ್ಚು ಸಂಶಯಪಟ್ಟವರು ಮಾವನೇ. ಹೊಸ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕುಳಿತಿರುತ್ತಿದ್ದರು, ಪುಸ್ತಕ ತೆರೆದಿರುತ್ತಿತ್ತು, ಹಾಳೆ ತಿರುಗುತ್ತಿರಲಿಲ್ಲ. ಒಂದು ಸಂಜೆ ನನ್ನ ಕಡೆಗೆ ಕುರ್ಚಿ ತಿರುಗಿಸಿದರು.

“ನೀನು ಹತ್ತಿರದಲ್ಲಿದ್ದೆ, ಸರಿಯಾಗಿ ಹೇಳು. ಓಡುವ ಮೊದಲು ನಾನು ಸುತ್ತ ನೋಡಿದೆನಾ? ಯಾರಾದರೂ ನೋಡುತ್ತಿದ್ದಾರಾ ಅಂತ?”

“ಇಲ್ಲ ಮಾವ.”

“ನಿನ್ನನ್ನು?”

“ನನ್ನನ್ನೂ ನೋಡಲಿಲ್ಲ. ಕೈ ಬಿಟ್ಟಿರಿ.”

ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಲೆ ಬರುವ ಕಡೆ ನಿನ್ನೊಬ್ಬಳನ್ನೇ ಬಿಟ್ಟು ಹೋದೆನಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದೇ ಮಾತು ನನ್ನ ಎದೆಯಲ್ಲೂ ಇತ್ತು. ಖಂಡಿತ ರಕ್ತ ನಾನು. ನನ್ನ ಕೈ ಬಿಟ್ಟು ಯಾರೆಂದೇ ಗೊತ್ತಿಲ್ಲದವನ ಕೂದಲು ಹಿಡಿದರು.

ದೀಪಾವಳಿಯ ಆಸುಪಾಸಿನಲ್ಲಿ ಆ ಮನುಷ್ಯ ಮನೆ ಹುಡುಕಿಕೊಂಡು ಬಂದ. ಹೆಸರು ಸದಾನಂದ, ಲಾರಿ ಚಾಲಕ, ಮನೆ ಕಾರ್ಕಳದ ಹತ್ತಿರ. ಬಾಳೆಗೊನೆ ಹೊತ್ತುಕೊಂಡು ಬಂದು ಚಾವಡಿಯಲ್ಲಿಟ್ಟು, ಮಾವನ ಕಾಲಿಗೆ ಅಡ್ಡಬಿದ್ದು, ನೀವು ನನ್ನ ದೇವರು ಎಂದು ಅತ್ತ. ಜೊತೆಯಲ್ಲಿ ಹೆಂಡತಿ ಗುಲಾಬಿಯೂ, ನನ್ನ ವಯಸ್ಸಿನ ಮಗಳು ಸವಿತಾಳೂ ಇದ್ದರು. ಗುಲಾಬಿ ಅಡ್ಡಬೀಳಲಿಲ್ಲ. ಗಂಡ ಕಣ್ಸನ್ನೆ ಮಾಡಿದ ಮೇಲೂ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಅಮ್ಮ ಅವಳನ್ನು ಚಹಾಕ್ಕೆ ಅಡುಗೆಮನೆಗೆ ಕರೆದರು. ಲೋಟ ಹಿಡಿಯಲು ಕೈ ಚಾಚಿದಾಗ ಸೆರಗು ಜಾರಿ, ಮೊಣಕೈಯಿಂದ ಮೇಲೆ ಹಸಿರುಗಟ್ಟಿದ ಬಾಸುಂಡೆಗಳು ಕಂಡವು. ಅಮ್ಮ ನೋಡಿದ್ದನ್ನು ಅವಳು ನೋಡಿದಳು. ಸೆರಗು ಎಳೆದುಕೊಳ್ಳಲಿಲ್ಲ.

“ನೀರಿನಿಂದ ಎಳೆದದ್ದು ಆ ಕನ್ನಡಕದವರಾ ಅಕ್ಕ?”

ಅಮ್ಮ ಹೌದು ಎಂದರು.

“ಅವರಿಗೆ ಹೇಳಬೇಡಿ. ಆ ದಿವಸ ಪಕ್ಕದ ಮನೆಗೆ ಫೋನು ಬಂತು. ಮುಳುಗಿದರು ಅಂದರು, ಮತ್ತೆ ಸಿಕ್ಕಿದರು ಅಂದರು. ಸಿಕ್ಕಿದರು ಅನ್ನುವಾಗ ನನಗೆ ಅಳು ಬಂತು. ಸಂತೋಷಕ್ಕೆ ಅಂತ ಎಲ್ಲರೂ ತಿಳಿದುಕೊಂಡರು.”

ಅಮ್ಮ ಹೇಳದೆ ಇರಲಿಲ್ಲ. ಆ ರಾತ್ರಿ ಊಟದ ಹೊತ್ತಿನಲ್ಲಿ, ಅಜ್ಜಿ ಕೈತೊಳೆಯಲು ಎದ್ದಾಗ, ಎರಡೇ ವಾಕ್ಯದಲ್ಲಿ ಹೇಳಿಬಿಟ್ಟರು. ಮಾವ ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಮರುವಾರ, ನೀನೂ ಬಾ, ಮಗು ಜೊತೆಯಲ್ಲಿದ್ದರೆ ಜನ ಎಂತ ಹೇಳುವುದಿಲ್ಲ ಎಂದು ನನ್ನನ್ನು ಕರೆದುಕೊಂಡು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೊರಟರು. ಕರಿಬಂಡೆಯ ಬುಡದಲ್ಲಿ ಎರಡು ಕೋಣೆಯ ಮನೆ. ಸದಾನಂದ ಕುರ್ಚಿ ಒರೆಸಿ ಕೂರಿಸಿ ಕೋಳಿ ಕೊಯ್ಯಲು ಓಡಾಡಿದ. ಮಾವ ಊಟ ಬೇಡ ಎಂದರು, ಚಹಾ ಕುಡಿದರು, ಹೆಚ್ಚು ಮಾತಾಡದೆ ಎಲ್ಲರ ಮುಖ ನೋಡಿ ಎದ್ದರು. ಮುಂದಿನ ತಿಂಗಳುಗಳಲ್ಲಿ ಹೀಗೆ ಹೇಳದೆ ಕೇಳದೆ ಹೋಗುವುದು ರೂಢಿಯಾಯಿತು. ಸದಾನಂದನಿಗೆ ಮೊದಮೊದಲು ಹೆಮ್ಮೆ, ಆಮೇಲೆ ಇರಿಸುಮುರಿಸು, ಕೊನೆಗೆ ಮಾವನನ್ನು ಕಂಡರೆ ಅಂಗಳದಲ್ಲೇ ಬೆನ್ನು ತಿರುಗಿಸುತ್ತಿದ್ದ. ಒಮ್ಮೆ ನಾವು ಹೊರಡುವಾಗ ಗುಲಾಬಿ ಬೇಲಿಯವರೆಗೆ ಬಂದು, ನೀವು ಬರುವುದು ಬೇಡ ಮಾಸ್ಟ್ರೇ, ನೀವು ಹೋದ ಮೇಲೆ ಅದಕ್ಕೂ ಸೇರಿಸಿ ಪೆಟ್ಟು ಬೀಳುತ್ತದೆ ಎಂದಳು. ಬಸ್ಸಿನಲ್ಲಿ ಮಾವ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತರು. ಪಡುಬಿದ್ರಿ ಬರುವವರೆಗೆ ತಿರುಗಲಿಲ್ಲ.

ಎರಡನೇ ಬೆಳೆಯ ಗದ್ದೆ ಕೊಯ್ಲಿನ ಹೊತ್ತಿಗೆ ಒಂದು ಮಧ್ಯಾಹ್ನ ಗುಲಾಬಿಯೂ ಸವಿತಾಳೂ ಒಂದು ಚೀಲ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದರು. ಮಗುವಿನ ತುಟಿ ಊದಿತ್ತು. ಇಷ್ಟು ದಿನ ತಾಯಿಗೆ ಬೀಳುತ್ತಿದ್ದುದು ಈಗ ಮಗಳಿಗೂ ಬಿದ್ದಿತ್ತು. ತನ್ನ ತವರಿನವರು ಗಂಡನ ಮನೆಗೇ ವಾಪಸು ಬಿಟ್ಟುಬರುತ್ತಾರೆ, ಅದಕ್ಕೆ ಇಲ್ಲಿಗೆ ಬಂದೆ ಎಂದಳು. ಮಾವ ಕಾಲೇಜಿನಿಂದ ಬಂದಾಗ ಅಜ್ಜಿ ಹೊಸ್ತಿಲಿನ ಮೇಲೆ ಕುಳಿತಿದ್ದಳು, ಎದ್ದರೆ ತಾನೆ ಯಾರಾದರೂ ಒಳಗೆ ಹೋಗುವುದು. ಹೆಂಡತಿಯಿಲ್ಲದ ಗಂಡಸಿನ ಮನೆಗೆ ಇನ್ನೊಬ್ಬನ ಹೆಂಡತಿ ಬಂದು ಕೂತರೆ ಊರು ಎಂತ ಹೇಳುತ್ತದೆ, ಇದು ತಂಗಿಯ ಮಕ್ಕಳ ಮನೆ ಎಂಬುದು ನೆನಪುಂಟಾ ಎಂದು ಶುರುಮಾಡಿದವಳು, ಕೊನೆಗೆ ಮಗನ ಪ್ರಶ್ನೆಯನ್ನು ಮಗನಿಗೇ ಕೇಳಿದಳು.

“ಭಾಸ್ಕರಾ, ಇದರಲ್ಲಿ ನಿನಗೆ ಎಂತ ಲಾಭ?”

“ಗೊತ್ತಿಲ್ಲ ಅಮ್ಮ. ಲೆಕ್ಕ ಹಾಕಿದರೆ ನಷ್ಟವೇ ಕಾಣುತ್ತದೆ.”

“ಮತ್ತೆ ಯಾಕೆ? ಆ ದಿವಸ ಹಾರಿದ ಹಾಗೆ ಇದೂ ಒಂದಾ?”

ಮಾವ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತರು. “ಆ ದಿವಸ ಹಾರಿದ್ದು ನಾನಲ್ಲ, ನನ್ನ ಕಾಲು. ನಾಯಿಯೂ ಹಾರುತ್ತದೆ. ಅವನು ಎಂಥವನು ಅಂತ ಕಾಲು ಕೇಳಲಿಲ್ಲ, ಕೇಳಿದ್ದರೆ ನಿಲ್ಲುತ್ತಿತ್ತೋ ಏನೋ. ಇವತ್ತು ನನ್ನ ಕಾಲು ಒಳಗೆ ಹೋಗಿ ಬಾಗಿಲು ಹಾಕು ಅನ್ನುತ್ತಾ ಉಂಟು. ಆದರೂ ಹಾಕುವುದಿಲ್ಲ. ಇದು ನಾನು.”

ಅಜ್ಜಿ ಮನಸ್ಸು ಕರಗಿ ಎದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಎದ್ದದ್ದು ಷರತ್ತು ಹಾಕಿ. ತಾಯಿ ಮಗಳು ತನ್ನ ಕೋಣೆಯಲ್ಲಿ, ತನ್ನ ಮಂಚದ ಪಕ್ಕದಲ್ಲೇ ಮಲಗಬೇಕು, ಭಾಸ್ಕರ ಮನೆಯಲ್ಲಿರುವಾಗ ಗುಲಾಬಿ ಚಾವಡಿಗೆ ಬರಬಾರದು ಎಂದಳು. ಅಕ್ಕಿ ತುಂಬುವ ಮರದ ಕಲಂಬಿಗೆ ಬೀಗ ಬಿತ್ತು. ಬೀಗದ ಕೈ ಅಜ್ಜಿಯ ಸೊಂಟಕ್ಕೆ ಹೋಯಿತು. ಗುಲಾಬಿ ಎಲ್ಲವನ್ನೂ ಗಮನಿಸಿದಳು. ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಪಾತ್ರೆ ಬೆಳಗಿ, ಅಜ್ಜಿ ಅಕ್ಕಿ ಅಳೆದುಕೊಡುವವರೆಗೆ ಒಲೆಯ ಬಳಿ ಕಾದು ಕೂರುತ್ತಿದ್ದಳು. ಅವಳು ಇಷ್ಟು ಕೆಲಸ ಮಾಡುವುದೂ ಇಲ್ಲಿ ಬೇರುಬಿಡಲಿಕ್ಕೆ ಎಂದು ಅಜ್ಜಿ ಅಮ್ಮನ ಬಳಿ ಪಿಸುಗುಟ್ಟುತ್ತಿದ್ದಳು. ನನಗೂ ಸವಿತಾಳ ಮೇಲೆ ಗುಮಾನಿಯೇ. ಮಾವ ಅವಳ ತಟ್ಟೆಯ ಮೀನಿನ ಮುಳ್ಳನ್ನೂ ಬಿಡಿಸತೊಡಗಿದ್ದರು. ಅವಳಲ್ಲಿ ಅವರ ರಕ್ತ ಒಂದು ತೊಟ್ಟೂ ಇರಲಿಲ್ಲ.

ಸದಾನಂದ ಎರಡು ಸಲ ಬಂದು ಗೇಟಿನ ಹೊರಗೆ ನಿಂತು ಕೂಗಿದ. ನನ್ನನ್ನು ಎಳೆದದ್ದು ಯಾಕೆ ಅಂತ ಈಗ ಗೊತ್ತಾಯಿತು ಎಂದ. ಅದನ್ನೇ ಊರೂ ಹೇಳತೊಡಗಿತು. ಸುದ್ದಿ ಮುಂಬೈಯಲ್ಲಿದ್ದ ಅಪ್ಪನ ಕಿವಿಗೂ ಬಿತ್ತು. ಆ ಬೇಸಿಗೆಯಲ್ಲಿ ಬಂದವರು ಮಾವನ ಜೊತೆ ಮಾತಾಡಲಿಲ್ಲ. ಅಮ್ಮನಿಗೆ ಮಾತ್ರ, ಮಕ್ಕಳನ್ನು ಕರೆದುಕೊಂಡು ಎಲ್ಲೂರಿನ ನನ್ನ ಅಕ್ಕನ ಮನೆಗೆ ಹೋಗಿರು, ಇಲ್ಲಿ ಮರ್ಯಾದೆ ಉಳಿಯುವುದಿಲ್ಲ ಎಂದರು. ಮಾವ ಅದನ್ನು ಕೇಳಿಸಿಕೊಂಡರು. ಸಾಕಿದ ಮಕ್ಕಳು ಹೋಗುವುದೋ, ಬಂದವರು ಹೋಗುವುದೋ ಎಂಬಲ್ಲಿಗೆ ಮನೆ ಬಂದು ನಿಂತಿತು. ಅವರು ನಮ್ಮನ್ನು ಉಳಿಸಿಕೊಳ್ಳಲು ಗುಲಾಬಿಯನ್ನು ಕಳಿಸುತ್ತಾರೆ ಎಂದು ನಾನು ಕಾದೆ. ಕಳಿಸಲಿಲ್ಲ. ಕೊನೆಗೆ ಅಮ್ಮನೇ ಹೋಗಲಿಲ್ಲ. ಎಲ್ಲೂರಿನ ಬಾವಿಯ ನೀರು ನನಗೆ ಆಗುವುದಿಲ್ಲ ಎಂದು ಅಪ್ಪನಿಗೆ ಹೇಳಿ, ಅವರ ಪೆಟ್ಟಿಗೆಯನ್ನು ತಾವೇ ತುಂಬಿಕೊಟ್ಟರು.

ಮುಂದೆ ಬಂದ ಮಳೆಗಾಲ ಮುಗಿಯುವ ಮುನ್ನ ಮಾವ ಗುಲಾಬಿಗೆ ಉಡುಪಿಯ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸವನ್ನೂ, ಬಾಡಿಗೆಗೆ ಒಂದು ಕೋಣೆಯನ್ನೂ ಹುಡುಕಿಕೊಟ್ಟರು. ಅಷ್ಟು ಅವಸರ ಯಾರಿಗೂ ಬೇಕಿರಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ಕಲಂಬಿಯ ಬೀಗ ಹಾಕುವುದನ್ನು ಕೆಲವು ದಿನ ಮರೆಯತೊಡಗಿದ್ದಳು. ಯಾಕೆ ಅಷ್ಟು ಬೇಗ ಕಳಿಸಿದಿರಿ ಎಂದು ನಾನು ಕೇಳಿದ್ದು ಬಹಳ ಕಾಲದ ಮೇಲೆ. ಅಮ್ಮ, ಅಜ್ಜಿ ಇಬ್ಬರೂ ತೀರಿಕೊಂಡು, ಮಾವ ಮಣಿಪಾಲದ ನನ್ನ ಫ್ಲ್ಯಾಟಿಗೆ ಬಂದಿದ್ದರು.

“ಅವಳು ಹಟ್ಟಿಯ ಕಡೆಯಿಂದ ಬರುವ ಕಾಲಿನ ಸಪ್ಪಳಕ್ಕೆ ನಾನು ಕಿವಿ ಕೊಡುತ್ತಾ ಇದ್ದೆ,” ಎಂದರು. “ಹಾಗಾದರೆ ಬಾಗಿಲು ತೆರೆದದ್ದೂ ಇದಕ್ಕೇ ಇರಬಹುದಾ ಅಂತ ಸಂಶಯ ಬಂತು. ಸಂಶಯ ಬಂದ ಮೇಲೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.”

ಅದು ನಿಜವಿರಬಹುದು, ನನಗೆ ಹೇಳಲೆಂದು ಸವರಿ ಇಟ್ಟ ನಿಜವೂ ಇರಬಹುದು. ಅವರ ಕೈಯಲ್ಲೇ ಬೆಳೆದವಳು ನಾನು, ಅವರನ್ನೂ ಪೂರ್ತಿ ನಂಬಲಾರೆ. ನನ್ನ ಮಕ್ಕಳು ನನ್ನನ್ನು ಅಪ್ಪಿಕೊಂಡಾಗ ಅವರಿಗೆ ಎಂತ ಬೇಕಾಗಿರಬಹುದು ಎಂದು ಮನಸ್ಸು ಮೊದಲು ಕೇಳುತ್ತದೆ. ಕೇಳಿದ ಮೇಲೂ ಅಪ್ಪಿಕೊಳ್ಳುತ್ತೇನೆ.

ಸವಿತಾ ಈಗ ಉಡುಪಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗುಲಾಬಿ ಅವಳ ಜೊತೆಗಿದ್ದಾಳೆ. ಕಳೆದ ಮಳೆಗಾಲದಲ್ಲಿ ಗುಲಾಬಿ ನನ್ನ ಫ್ಲ್ಯಾಟಿಗೆ ಬಂದಳು, ಕೈಯಲ್ಲಿ ಖಾಲಿ ಫ್ಲಾಸ್ಕ್ ಇತ್ತು. ಸದಾನಂದ ಲಿವರ್ ಕೆಟ್ಟು ಇಲ್ಲಿಯ ಆಸ್ಪತ್ರೆಯೊಂದರಲ್ಲಿದ್ದಾನೆ, ನೋಡಿಕೊಳ್ಳುವವರು ಇಲ್ಲ ಎಂದು ಯಾರೋ ಹೇಳಿದರಂತೆ. ಗಂಜಿ ಕೊಟ್ಟುಬಂದೆ ಎಂದಳು. ನನ್ನೊಳಗಿನ ಸಂಶಯ ಕೂಡಲೇ ತಲೆ ಎತ್ತಿತು, ಕ್ಷಮಿಸಿಬಿಟ್ಟಿರಾ ಎಂದು ಕೇಳಿದೆ.

“ಇಲ್ಲ ಶಾಲಿನಿ. ವಾರ್ಡಿನ ಒಳಗೆ ಹೋಗಲಿಲ್ಲ, ಮುಖ ನೋಡಲಿಲ್ಲ. ನರ್ಸಿನ ಕೈಯಲ್ಲಿ ಕೊಟ್ಟೆ, ಅವರು ಗಂಜಿ ಬಗ್ಗಿಸಿಕೊಂಡು ಫ್ಲಾಸ್ಕ್ ವಾಪಸು ತಂದು ಕೊಟ್ಟರು. ಯಾರು ಕೊಟ್ಟದ್ದು ಅಂತ ಹೇಳಬೇಡಿ ಅಂದೆ.”

ಒಳಗಿನ ಕೋಣೆಯಿಂದ ಮಾವ ಕೋಲು ಊರಿಕೊಂಡು ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಯಾಕೆ ಕೊಟ್ಟೆ ಎಂದು ಅವರು ಕೇಳುತ್ತಾರೆ ಎಂದು ನಾನು ಕಾದೆ.

“ಅವನು ಉಂಡನಾ?” ಎಂದರು.

“ಅದನ್ನು ಕೇಳಲಿಲ್ಲ ಮಾಸ್ಟ್ರೇ,” ಎಂದಳು ಗುಲಾಬಿ. ಫ್ಲಾಸ್ಕ್ ತೊಳೆದುಕೊಳ್ಳಲು ನನ್ನ ಅಡುಗೆಮನೆಗೆ ಹೋದಳು. ನಾಳೆಯೂ ಬೇಕಾಗುತ್ತದೆ ಎಂದು ಅಲ್ಲಿಂದಲೇ ಹೇಳಿದಳು.